ಮೂರು ರೆಕ್ಕೆಯ ಬಾಗಿಲು

ಕರೆಂಟು ಹೋದ ಕೂಡಲೇ ಇಂಚರ ಬೀಳುತ್ತಾಳೆ.
ಕತ್ತಲಿಗೆ ಹೆದರಿ ಅಲ್ಲ.
ಕಣ್ಣಿಗೆ ಕಾಣದಿದ್ದರೆ ಅವಳ ಕಾಲು ಎಲ್ಲಿದೆ ಎಂದು
ಅವಳಿಗೆ ಹೇಳುವವರಿಲ್ಲ.

ನಮಗೆ ಕಾಲೇ ಹೇಳುತ್ತದೆ: ಮಂಡಿ ಇಷ್ಟು ಮಡಿಸಿದೆ,
ಹಿಮ್ಮಡಿ ಊರಿದೆ, ಇನ್ನು ಎತ್ತಬಹುದು.
ಎಷ್ಟು ಮೆಲ್ಲಗೆಂದರೆ, ನಲವತ್ತೊಂದು ವರ್ಷ
ನಾನದನ್ನು ಕೇಳಿಸಿಕೊಂಡೇ ಇರಲಿಲ್ಲ.

ನನ್ನ ಕೆಲಸ ಚಿತ್ರದುರ್ಗದ ಗುಡ್ಡದ ಮೇಲೆ, ಗಾಳಿಯಂತ್ರಗಳಲ್ಲಿ.
ಕಂಬದೊಳಗೆ ಎಪ್ಪತ್ತು ಮೀಟರು ಏಣಿ.
ಹೆಲ್ಮೆಟ್ಟಿನ ದೀಪ ಕೆಟ್ಟರೂ ಹತ್ತುತ್ತೇನೆ,
ಮೆಟ್ಟಿಲು ಪಾದಕ್ಕೆ ಗೊತ್ತು.
ಬೋಲ್ಟು ಬಿಗಿವಾಗ ಸಾಕು ಅನ್ನುವುದು
ಮಣಿಕಟ್ಟು, ನಾನಲ್ಲ.

ದಾವಣಗೆರೆಯ ಆಸ್ಪತ್ರೆಯಲ್ಲಿ ಉಕ್ಕಿನ ಕವೆಯೊಂದನ್ನು
ಮೇಜಿಗೆ ಬಡಿದು ಅವಳ ಕಣಕಾಲಿನ ಗಂಟಿಗೆ ಒತ್ತಿದರು.
ನನಗೆ ದೂರಕ್ಕೂ ಅದರ ಝೇಂಕಾರ.
ಏನನಿಸುತ್ತೆ ಪುಟ್ಟೀ?
ಕಣ್ಣು ಮುಚ್ಚಿಕೊಂಡೇ ಅಂದಳು:
ತಣ್ಣಗೈತೆ.

ರಕ್ತ ಎಲ್ಲಿಗೋ ಹೋಯಿತು. ಏಳು ವಾರಕ್ಕೆ ಕಾಗದ ಬಂತು.
ಡಾಕ್ಟರಮ್ಮ ರಸೀದಿಯ ಬೆನ್ನಿಗೆ ಚಿತ್ರ ಬರೆದರು:
ನರದ ತುದಿಯ ಪೊರೆಯಲ್ಲಿ ಮೂರು ರೆಕ್ಕೆ,
ನಡುವೆ ಒಂದು ಕಿಂಡಿ.
ಪೊರೆ ಬಿಗಿದರೆ ರೆಕ್ಕೆ ಚಪ್ಪಟೆಯಾಗಿ ಕಿಂಡಿ ತೆರೆದು
ಉಪ್ಪಿನ ಕಣ ಒಳಗೆ ನುಗ್ಗುತ್ತದಂತೆ.
ಮುಟ್ಟಿದ್ದು, ಒತ್ತಿದ್ದು, ಕೀಲು ಬಾಗಿದ್ದು,
ಎಲ್ಲ ಸುದ್ದಿಯೂ ಅಷ್ಟೇ.
ಮೇಡಂ, ಇದು ನಮ್ಮ ಫ್ಯಾನು, ಅಂದೆ.
ಹೌದಲ್ಲ, ಎಂದು ನಕ್ಕು
ತಕ್ಷಣ ನಗು ನಿಲ್ಲಿಸಿದರು.

ಆ ಬಾಗಿಲು ಕಟ್ಟುವ ಬಗೆ ಎಂಟು ಸಾವಿರ ಚಿಲ್ಲರೆ
ಅಕ್ಷರಗಳಲ್ಲಿ ಬರೆದಿದೆ.
ಇಂಚರಳಲ್ಲಿ ಒಂದಕ್ಷರ ಬದಲಾಗಿ
ವಾಕ್ಯದ ನಡುವೆಯೇ ಪೂರ್ಣವಿರಾಮ.
ಚೌಕಟ್ಟು ನಿಲ್ಲಿಸುವ ಮೊದಲೇ
ಬಡಗಿ ಎದ್ದು ಮನೆಗೆ ಹೋದ.

ಒಂದು ಪ್ರತಿ ಕೆಟ್ಟರೆ ಇನ್ನೊಂದು ಸಂಸಾರ ನಡೆಸುತ್ತದೆ,
ನನ್ನಲ್ಲಿ ನಡೆಸಿದೆ, ಪಾಲಮ್ಮನಲ್ಲೂ.
ಇವಳಿಗೆ ಎರಡೂ ಕೆಟ್ಟವೇ ಬಂದಿವೆ.
ಪಾಲಮ್ಮ ನನ್ನ ಅಕ್ಕನ ಮಗಳು.
ಹೊರಗಿನ ಹೆಣ್ಣು ಯಾಕೆ, ಗುಣ ಗೊತ್ತಿರೋ ಹೆಣ್ಣೇ ಇರುವಾಗ,
ಅಂದಿದ್ದಳು ಅವ್ವ.
ಕಾಗದ ತಂದ ದಿನ ಅವ್ವನೇ ಕೇಳಿದಳು,
ಇದು ಯಾರ ಕಡೆಯಿಂದ ಬಂತಪ್ಪ?
ನಮಗೆ ಎರಡು ಕಡೆ ಎಲ್ಲಿವೆ
ಎಂಬುದು ಬಾಯಿಗೆ ಬಂತು.
ಮಜ್ಜಿಗೆ ಕೊಡು ಅಂದೆ.

ಮುಳ್ಳು ಚುಚ್ಚಿದರೆ ಅಳುತ್ತಾಳೆ, ಅದರ ಬಾಗಿಲು ಬೇರೆ.
ಬಿಸಿನೀರಿಗೆ ಕೈ ಎಳೆದುಕೊಳ್ಳುತ್ತಾಳೆ, ಅದಕ್ಕೂ ಬೇರೆ.
ಮೊಟ್ಟೆ ಹಿಡಿದರೆ ಒಡೆಯುತ್ತದೆ,
ಇಲ್ಲ ಜಾರಿ ಬೀಳುತ್ತದೆ.
ಬೆನ್ನು ಎಡಕ್ಕೆ ವಾಲುತ್ತಿದೆ.
ಉಚ್ಚೆಗೆ ಹೋಗುವುದು ಗಡಿಯಾರ ನೋಡಿ,
ಸ್ಕೂಲಿನ ಮೇಷ್ಟ್ರಿಗೆ ಚೀಟಿ ಬರೆದು ಕೊಟ್ಟಿದ್ದೇನೆ.
ನಿದ್ದೆ ಬರುವ ಮುಂಚೆ ಅಂಗೈಯಲ್ಲಿ
ನಾನು ಬೆರಳಾಡಿಸುತ್ತೇನಲ್ಲ,
ಅದು ನನ್ನ ಬೆರಳಿಗಷ್ಟೇ ಗೊತ್ತು.
ಆದರೂ ಆಡಿಸುತ್ತೇನೆ.

ಮೊನ್ನೆ ಮತ್ತೆ ಕರೆಂಟು ಹೋಯಿತು.
ಈ ಸಲ ಕೂತಿದ್ದಳು, ಸದ್ಯ.
ಹೆಲ್ಮೆಟ್ಟಿನ ದೀಪ ಬಿಚ್ಚಿ ಅವಳ ಹಣೆಗೆ ಕಟ್ಟಿದೆ.
ಕಿಟಕಿಯಾಚೆ ಗುಡ್ಡದ ಸಾಲಿನಲ್ಲಿ
ಕೆಂಪು ದೀಪ ಮಿನುಗುತ್ತಿದ್ದವು.

ಅಪ್ಪಾ, ಗಾಳಿ ಬಂತು ಅಂತ ಫ್ಯಾನಿಗೆ ಹೆಂಗೆ ಗೊತ್ತಾಗುತ್ತೆ?
ತಲೆ ಮೇಲೆ ಸಣ್ಣ ಬಟ್ಟಲು ತಿರುಗುತ್ತವೆ, ಅವು ಹೇಳುತ್ತವೆ.
ಬಟ್ಟಲು ಕೆಟ್ಟರೆ?
ಎಷ್ಟೇ ಗಾಳಿಯಿದ್ದರೂ ಫ್ಯಾನು ನಿಲ್ಲಿಸಿಬಿಡುತ್ತೇವೆ,
ಅಂದುಬಿಟ್ಟೆ. ಅಂದ ಮೇಲೆ
ನಾಲಿಗೆ ಕಚ್ಚಿಕೊಂಡೆ.

ಅವಳಾಗಲೇ ಎದ್ದಿದ್ದಳು.
ಹಣೆಯ ಬೆಳಕನ್ನು ಪಾದಕ್ಕೆ ಬಿಟ್ಟುಕೊಂಡು
ಬಲಗಾಲು ನೋಡಿ ಬಲಗಾಲು ಎತ್ತಿದಳು,
ಎಡಗಾಲು ನೋಡಿ ಎಡಗಾಲು.
ನಾನೇನ್ ನಿಂತಿಲ್ಲ ನೋಡು, ಅಂದಳು,
ನನ್ನ ಕಡೆ ನೋಡದೆ; ನೋಡಿದರೆ ಬೀಳುತ್ತಾಳೆ.
ಹೊಸಿಲು ಬಂತು, ಎಂದು
ತನಗೆ ತಾನೇ ಹೇಳಿಕೊಂಡು
ದಾಟಿದಳು.